ಮುರಿದ ಮೂಳೆಯೂ ರಕ್ತದ ಸಾಕ್ಷಿಯೂ

ಕಾಲಿನ ಮೂಳೆ ಮುರಿದವರನ್ನು ನೋಡಲು ಹೋದವರೆಲ್ಲ ಕೇಳುವ ಪ್ರಶ್ನೆ ಒಂದೇ: "ಮೂಳೆ ಕೂಡಿತೆ?" ಮಲಗಿದವನ ಮನಸ್ಸಿನಲ್ಲಿರುವುದೂ ಅದೇ ಪ್ರಶ್ನೆ, ಅವನ ಮನೆಯಾಕೆಗೂ ಅದೇ, ಅವನಿಗೆ ಕೂಲಿ ಕೊಡುವ ಮಾಲೀಕನಿಗೂ ಅದೇ. ಉತ್ತರ ಹೇಳಬೇಕಾದ ವೈದ್ಯರು ಎಕ್ಸ್‌ರೇ ಹಾಳೆಯನ್ನು ಬೆಳಕಿಗೆ ಹಿಡಿದು, "ಕೂಡುತ್ತಾ ಇದೆ, ಇನ್ನೊಂದು ತಿಂಗಳು ಬಿಟ್ಟು ಬನ್ನಿ" ಎನ್ನುತ್ತಾರೆ. ಆ ಒಂದು ತಿಂಗಳು ಸಂಬಳದ ರಜೆಯುಳ್ಳ ನೌಕರನಿಗೆ ಬೇಸರದ ತಿಂಗಳು. ದಿನಗೂಲಿಯವನಿಗೆ ಸಾಲದ ತಿಂಗಳು.

ಈ ಪ್ರಶ್ನೆಗೆ ರಕ್ತಪರೀಕ್ಷೆಯಿಂದಲೇ ಉತ್ತರ ಪಡೆಯಬಹುದೆಂಬ ಮಾತು ಈಚೆಗೆ ಅಲ್ಲಲ್ಲಿ ಕೇಳಿಬರುತ್ತಿದೆ. ಮೂಳೆ ಕಟ್ಟುವಾಗಲೂ ಕರಗುವಾಗಲೂ ರಕ್ತಕ್ಕೆ ಬಂದು ಸೇರುವ ಕೆಲವು ವಸ್ತುಗಳನ್ನು ಅಳೆದರೆ, ಒಳಗೆ ಕೆಲಸ ಹೇಗೆ ನಡೆದಿದೆ ಎಂಬುದು ಎಕ್ಸ್‌ರೇಗಿಂತ ಮೊದಲೇ ತಿಳಿಯುತ್ತದೆ ಎಂಬುದು ಇದರ ಸಾರ. ಈ ಮಾತಿನಲ್ಲಿ ಸತ್ಯವಿದೆ. ಆದರೆ ಇದು ಇನ್ನೂ ವಿಜ್ಞಾನಿಗಳ ಮೇಜಿನ ಮೇಲಿರುವ ಸತ್ಯ. ರೋಗಿಯ ಹಾಸಿಗೆಯ ಪಕ್ಕಕ್ಕೆ ಬಂದಿರುವ ಸತ್ಯವಲ್ಲ. ಈ ಎರಡರ ನಡುವಣ ಅಂತರವನ್ನು ಮರೆತು ಹಣ ಕಳೆದುಕೊಳ್ಳುವವರೂ ನೆಮ್ಮದಿ ಕಳೆದುಕೊಳ್ಳುವವರೂ ನಮ್ಮ ನಡುವೆಯೇ ಇರುವುದರಿಂದ ನನ್ನ ಅಭಿಪ್ರಾಯವನ್ನು ಬರೆದಿಡುತ್ತಿದ್ದೇನೆ. ನಾನು ವೈದ್ಯನಲ್ಲ, ಮೂರು ದಶಕಕ್ಕೂ ಹೆಚ್ಚು ಕಾಲ ವಿಜ್ಞಾನ ಮತ್ತು ಗಣಿತ ಕಲಿಸಿದವನು. ಆ ಮಿತಿಯೊಳಗೆ ನಿಂತೇ ಬರೆಯುತ್ತಿದ್ದೇನೆ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಸರಕು ಸಾಗಿಸುವ ವಾಹನದ ಚಾಲಕ. ಬೈಕಿನಿಂದ ಬಿದ್ದು ಬಲಗಾಲಿನ ಮೂಳೆ ಮುರಿದುಕೊಂಡ. ಶಸ್ತ್ರಕ್ರಿಯೆಯಲ್ಲಿ ಮೂಳೆಯೊಳಗೆ ರಾಡ್ ಹಾಕಿದರು. ಮೂರು ತಿಂಗಳಾದ ಮೇಲೆ ಯಾರದೋ ಸಲಹೆಯಂತೆ 'ಬೋನ್ ಪ್ರೊಫೈಲ್' ಎಂಬ ಹೆಸರಿನ ರಕ್ತಪರೀಕ್ಷೆಗಳ ಕಂತೆಯೊಂದನ್ನು ಮಾಡಿಸಿದ. ವರದಿಯಲ್ಲಿ ಆಲ್ಕಲೈನ್ ಫಾಸ್ಫಟೇಸ್ ಎಂಬುದರ ಎದುರು ದಪ್ಪಕ್ಷರದಲ್ಲಿ 'ಹೆಚ್ಚು' ಎಂದಿತ್ತು. "ಮೇಷ್ಟ್ರೇ, ಇದು ಮೂಳೆ ಕೂಡ್ತಾ ಇದೆ ಅಂತಲೋ, ಕೂಡ್ತಾ ಇಲ್ಲ ಅಂತಲೋ?" ಎಂದು ಫೋನಿನಲ್ಲಿ ಕೇಳಿದ. ಎರಡೂ ಇರಬಹುದು, ಎರಡೂ ಅಲ್ಲದೆ ಬೇರೆಯೇ ಇರಬಹುದು ಎಂಬುದೇ ಅದಕ್ಕೆ ಸರಿಯಾದ ಉತ್ತರ. ಅದು ಅವನಿಗೆ ಸಮಾಧಾನ ತರಲಿಲ್ಲ, ತರಬೇಕಾಗಿಯೂ ಇರಲಿಲ್ಲ. ಯಾವ ಪರೀಕ್ಷೆ ಯಾವ ಪ್ರಶ್ನೆಗೆ ಉತ್ತರ ಕೊಡಬಲ್ಲದು ಎಂಬುದನ್ನು ಯಾರೂ ಅವನಿಗೆ ಮೊದಲು ಹೇಳಿರಲಿಲ್ಲ.

ಎಂಟನೆಯ ತರಗತಿಯಲ್ಲಿ ನಾವು ಮಾಡುತ್ತಿದ್ದ ಒಂದು ಪ್ರಯೋಗ ನಿಮ್ಮಲ್ಲಿ ಅನೇಕರಿಗೆ ನೆನಪಿರಬಹುದು. ಕೋಳಿಯ ಕಾಲಿನ ಮೂಳೆಯನ್ನು ಸಾರರಿಕ್ತ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕೆಲವು ದಿನ ನೆನೆಸಿಟ್ಟರೆ ಅದರಲ್ಲಿರುವ ಸುಣ್ಣದ ಅಂಶ ಕರಗಿಹೋಗಿ ಮೂಳೆ ರಬ್ಬರಿನಂತೆ ಬಾಗುತ್ತಿತ್ತು. ಇನ್ನೊಂದು ಮೂಳೆಯನ್ನು ಬೆಂಕಿಯಲ್ಲಿ ಸುಟ್ಟರೆ ಆಕಾರ ಹಾಗೆಯೇ ಉಳಿದು, ಬೆರಳಿನಿಂದ ಒತ್ತಿದರೆ ಪುಡಿಯಾಗುತ್ತಿತ್ತು. ಮೊದಲನೆಯದರಲ್ಲಿ ಉಳಿದದ್ದು ನಾರು, ಎರಡನೆಯದರಲ್ಲಿ ಉಳಿದದ್ದು ಸುಣ್ಣ. ಮೂಳೆಯೆಂದರೆ ಇವೆರಡರ ಹೊಂದಾಣಿಕೆ: ಕೊಲಾಜನ್ ಎಂಬ ಪ್ರೋಟೀನಿನ ನಾರುಗಳು, ಅವುಗಳ ನಡುವೆ ಕ್ಯಾಲ್ಸಿಯಂ ಮತ್ತು ಫಾಸ್ಫೇಟುಗಳ ಹರಳುಗಳು.

ಇಂದಿನ ವಿಷಯದ ತಿರುಳು ಈ ಪ್ರಯೋಗದಲ್ಲಿಯೇ ಇದೆ. ಎಕ್ಸ್‌ರೇಗೆ ಕಾಣುವುದು ಸುಣ್ಣ ಮಾತ್ರ. ನಾರು ಅದರ ಕಣ್ಣಿಗೆ ಬೀಳುವುದಿಲ್ಲ. ಆದರೆ ಮುರಿದ ಮೂಳೆ ಕೂಡುವ ಕೆಲಸ ನಾರಿನಿಂದಲೇ ಆರಂಭವಾಗುತ್ತದೆ. ಮುರಿದ ಜಾಗದಲ್ಲಿ ಮೊದಲು ರಕ್ತ ಹೆಪ್ಪುಗಟ್ಟುತ್ತದೆ, ಊತ ಬರುತ್ತದೆ; ಸತ್ತ ಚೂರುಗಳನ್ನು ತೆಗೆದುಹಾಕುವ ಜೀವಕೋಶಗಳು ಬಂದು ಸೇರುತ್ತವೆ. ಕೆಲವು ವಾರಗಳಲ್ಲಿ ಎರಡು ತುದಿಗಳ ನಡುವೆ ನಾರು ಮತ್ತು ಮೃದ್ವಸ್ಥಿಯಿಂದಾದ ಮೆತ್ತನೆಯ ಬೆಸುಗೆಯೊಂದು ಮೂಡುತ್ತದೆ. ನಮ್ಮ ಕಿವಿಯ ಹಾಲೆಯೊಳಗೆ ಕೈಗೆ ಸಿಗುವ ಬಾಗುವ ವಸ್ತುವಿನ ಜಾತಿಯೇ ಈ ಮೃದ್ವಸ್ಥಿ. ಆಮೇಲೆ ಅದರಲ್ಲಿ ಸುಣ್ಣ ಸೇರಿ ಗಟ್ಟಿಯಾದ ಬೆಸುಗೆಯಾಗುತ್ತದೆ. ವೈದ್ಯರು ಇದನ್ನು ಕ್ಯಾಲಸ್ ಎನ್ನುತ್ತಾರೆ. ಕೊನೆಯಲ್ಲಿ ಹೆಚ್ಚಾದುದನ್ನು ಕಡೆದು ಮೂಳೆಗೆ ಮೊದಲಿನ ರೂಪ ಕೊಡುವ ಕೆಲಸ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ನಡೆಯುತ್ತದೆ. ಮೆತ್ತನೆಯ ಬೆಸುಗೆ ಮೂಡಿದ ಕಾಲದಲ್ಲಿ ಎಕ್ಸ್‌ರೇ ತೆಗೆದರೆ ಕಾಣುವುದು ಬರಿಯ ಬಿರುಕು. ಒಳಗೆ ಕೆಲಸ ಭರದಿಂದ ಸಾಗಿದೆಯೋ ನಿಂತೇಹೋಗಿದೆಯೋ ಎಂಬುದನ್ನು ಆ ಚಿತ್ರ ಹೇಳಲಾರದು.

ಮೊಣಕಾಲಿಗೂ ಪಾದಕ್ಕೂ ನಡುವೆ ಇರುವ ದಪ್ಪ ಮೂಳೆಗೆ ಟಿಬಿಯಾ ಎಂದು ಹೆಸರು. ಅದರ ಮುಂಭಾಗವನ್ನು ಕೈಯಿಂದ ಸವರಿ ನೋಡಿ: ಚರ್ಮದ ಕೆಳಗೆ ನೇರವಾಗಿ ಮೂಳೆಯೇ ಸಿಗುತ್ತದೆ, ಮಾಂಸಖಂಡದ ಹೊದಿಕೆಯಿಲ್ಲ. ಅದರ ಕೆಳಭಾಗಕ್ಕೆ ರಕ್ತದ ಪೂರೈಕೆಯೂ ಅಷ್ಟಕ್ಕಷ್ಟೆ. ಆದ್ದರಿಂದಲೇ ಅದು ಸುಲಭವಾಗಿ ಚರ್ಮ ಸೀಳಿ ಹೊರಬರುತ್ತದೆ, ನಿಧಾನವಾಗಿ ಕೂಡುತ್ತದೆ. ಚರ್ಮ ಸೀಳದ ಮುರಿತವೇ ವಯಸ್ಕರಲ್ಲಿ ಕೂಡಲು ಮೂರು ನಾಲ್ಕು ತಿಂಗಳು ಬೇಕು. ಸೀಳಿದ್ದಾದರೆ ಇನ್ನೂ ಹೆಚ್ಚು. ಕೆಲವರಲ್ಲಿ ಕೂಡುವುದೇ ಇಲ್ಲ. ಕೂಡಲಿಲ್ಲವೆಂದು ಹೇಳುವುದಕ್ಕೆ ಅಮೆರಿಕದ ಎಫ್‌ಡಿಎ ಸಂಸ್ಥೆ ಇಟ್ಟುಕೊಂಡ ಅಳತೆಯನ್ನು ಕೇಳಿದರೆ ಕಾಯುವವರ ಕಷ್ಟ ಅರ್ಥವಾಗುತ್ತದೆ: ಪೆಟ್ಟಾಗಿ ಕನಿಷ್ಠ 9 ತಿಂಗಳು ಕಳೆದಿರಬೇಕು, ಅದರಲ್ಲಿ ಕೊನೆಯ 3 ತಿಂಗಳು ಯಾವ ಪ್ರಗತಿಯೂ ಕಾಣದಿರಬೇಕು. ಒಂಬತ್ತು ತಿಂಗಳು ದುಡಿಮೆ ನಿಂತ ಮನೆಯಲ್ಲಿ ಏನೇನು ಮಾರಾಟವಾಗುತ್ತದೆ ಎಂಬುದನ್ನು ನಾನು ವಿವರಿಸಬೇಕಾಗಿಲ್ಲ.

ಕೂಡದೆ ಹೋಗುವ ಮೂಳೆಯನ್ನು ನಾಲ್ಕನೆಯ ವಾರದಲ್ಲಿಯೋ ಎಂಟನೆಯ ವಾರದಲ್ಲಿಯೋ ಗುರುತಿಸಲು ಸಾಧ್ಯವಾದರೆ ಎಷ್ಟು ಒಳ್ಳೆಯದು ಎಂಬ ಹಂಬಲ ಈ ಕಾರಣದಿಂದಲೇ ಹುಟ್ಟಿದ್ದು. ಆ ಹಂಬಲ ಸಹಜ, ನ್ಯಾಯವಾದದ್ದು.

ರಕ್ತದಲ್ಲಿ ಮೂಳೆಯ ಸುದ್ದಿಯನ್ನು ಓದುವ ಪ್ರಯತ್ನ ಹೊಸದಲ್ಲ. ಲಂಡನ್ನಿನ ಲಿಸ್ಟರ್ ಸಂಸ್ಥೆಯ ರಾಬರ್ಟ್ ರಾಬಿಸನ್ 1923ರಲ್ಲಿ ಬೆಳೆಯುವ ಮೂಳೆಯಲ್ಲಿ ಫಾಸ್ಫೇಟನ್ನು ಬಿಡಿಸಿಕೊಡುವ ಕಿಣ್ವವೊಂದಿದೆಯೆಂದು ತೋರಿಸಿದರು. ಮೂಳೆಯ ರೋಗಗಳಲ್ಲಿ ರಕ್ತದಲ್ಲಿಯೂ ಅದು ಏರುತ್ತದೆಂಬುದು ಆ ದಶಕ ಮುಗಿಯುವಷ್ಟರಲ್ಲಿ ತಿಳಿಯಿತು. ನನ್ನ ವಿದ್ಯಾರ್ಥಿಯ ವರದಿಯಲ್ಲಿದ್ದ ಆಲ್ಕಲೈನ್ ಫಾಸ್ಫಟೇಸ್ ಎಂಬುದು ಅದೇ. ಮೂಳೆ ಕಟ್ಟುವ ಜೀವಕೋಶಗಳು ಚುರುಕಾದಾಗ ಅದು ಏರುವುದು ನಿಜ. ಆದರೆ ಅದೇ ಕಿಣ್ವದ ಇನ್ನೊಂದು ಬಗೆ ಯಕೃತ್ತಿನಿಂದ ಬರುತ್ತದೆ, ಮತ್ತೊಂದು ಬಗೆ ಗರ್ಭಿಣಿಯರ ಮಾಸುವಿನಿಂದ ಬರುತ್ತದೆ. ಎತ್ತರ ಬೆಳೆಯುತ್ತಿರುವ ಹುಡುಗ ಹುಡುಗಿಯರಲ್ಲಿ ಅದು ವಯಸ್ಕರಿಗಿಂತ ಎಷ್ಟೋ ಹೆಚ್ಚಿರುವುದು ಸಹಜ. ಹಾಗಾಗಿ ಆ ಒಂದು ಅಂಕಿಯನ್ನಷ್ಟೇ ಹಿಡಿದುಕೊಂಡು ಕಾಲಿನ ಬಗ್ಗೆ ಮಾತನಾಡುವುದು, ಮಂಡಿಯಲ್ಲಿ ಬೆಲೆ ಏರಿತೆಂದು ಕೇಳಿ ನಮ್ಮ ಹೊಲದ ಬೆಳೆಯನ್ನು ಊಹಿಸಿದಂತೆ.

ಅನಂತರ ಬಂದ ಪರೀಕ್ಷೆಗಳು ಹೆಚ್ಚು ನಿಖರವಾದವು. ಮೂಳೆ ಕಟ್ಟುವಾಗ ಕೊಲಾಜನ್ ಎಳೆಯ ತುದಿಯಿಂದ ಕತ್ತರಿಸಿ ಬೀಳುವ ತುಣುಕನ್ನು ಪಿ1ಎನ್‌ಪಿ ಎನ್ನುತ್ತಾರೆ. ಮೂಳೆ ಕರಗುವಾಗ ಒಡೆದು ಬರುವ ತುಣುಕನ್ನು ಸಿಟಿಎಕ್ಸ್ ಎನ್ನುತ್ತಾರೆ. ಬಡಗಿಯ ಅಂಗಡಿಯ ಹೊರಗೆ ಬಿದ್ದ ಹೊಟ್ಟು ಮತ್ತು ಚಕ್ಕೆಗಳನ್ನು ನೋಡಿ ಒಳಗೆ ಕೂಡಿಸುವ ಕೆಲಸ ನಡೆದಿದೆಯೋ ಕೀಳುವ ಕೆಲಸ ನಡೆದಿದೆಯೋ ಎಂದು ಊಹಿಸಿದ ಹಾಗೆ ಇದು. 2011ರಲ್ಲಿ ಮೂಳೆರೋಗ ಮತ್ತು ಪ್ರಯೋಗಾಲಯ ತಜ್ಞರ ಅಂತರರಾಷ್ಟ್ರೀಯ ಸಂಸ್ಥೆಗಳು ಸೇರಿ, ಸಂಶೋಧನೆಯಲ್ಲಿ ಎಲ್ಲರೂ ಸಮಾನವಾಗಿ ಬಳಸಬೇಕಾದ ಗುರುತುಗಳೆಂದು ಇವೆರಡನ್ನು ಸೂಚಿಸಿದವು. ಮೂಳೆ ಸವೆತಕ್ಕೆ ಔಷಧ ತೆಗೆದುಕೊಳ್ಳುವವರಲ್ಲಿ ಔಷಧ ನಾಟಿದೆಯೇ ಎಂದು ನೋಡಲು ಇವು ನಿಜವಾಗಿಯೂ ಉಪಯುಕ್ತ. ಅಲ್ಲಿ ಪ್ರಶ್ನೆ ಇಡೀ ಅಸ್ಥಿಪಂಜರದ್ದು. ಮುರಿತದ ಪ್ರಶ್ನೆ ಒಂದು ಮೂಳೆಯ ಒಂದು ಅಂಗುಲದ್ದು. ತೊಡಕು ಇರುವುದು ಇಲ್ಲಿಯೇ.

ನಮ್ಮ ದೇಹದಲ್ಲಿ 206 ಮೂಳೆಗಳಿವೆ ಎಂದು ಬಾಯಿಪಾಠ ಮಾಡಿಸುತ್ತಿದ್ದೆನಲ್ಲ, ಅವೆಲ್ಲವೂ ಮುರಿತವಿಲ್ಲದಿದ್ದರೂ ಸದಾ ಕರಗುತ್ತ ಕಟ್ಟುತ್ತ ಇರುತ್ತವೆ. ವಯಸ್ಕನ ಅಸ್ಥಿಪಂಜರದ ಸುಮಾರು ಹತ್ತನೆಯ ಒಂದು ಭಾಗ ಪ್ರತಿ ವರ್ಷ ಹೊಸದಾಗುತ್ತದೆಂದು ಲೆಕ್ಕ. ಸಂತೆಯಂಥ ಆ ಗದ್ದಲದ ನಡುವೆ ಟಿಬಿಯಾದ ಒಂದು ಬೆಸುಗೆಯ ದನಿಯನ್ನು ಬೇರ್ಪಡಿಸಿ ಕೇಳಬೇಕು. ಇದು ಮೊದಲನೆಯ ತೊಡಕು. ಎರಡನೆಯದು, ಹಾಸಿಗೆ ಹಿಡಿದವನ ಕಾಲು ಭಾರ ಹೊರದೆ ಸುಮ್ಮನಿರುವುದರಿಂದಲೇ ಮೂಳೆ ಕರಗತೊಡಗುತ್ತದೆ. ಸಿಟಿಎಕ್ಸ್ ಏರಿದ್ದು ಬೆಸುಗೆಯ ಕೆಲಸದಿಂದಲೋ, ಮಲಗಿದ್ದರಿಂದಲೋ? ಅಂಕಿ ಅದನ್ನು ಹೇಳುವುದಿಲ್ಲ. ಮೂರನೆಯದು, ಸಿಟಿಎಕ್ಸ್ ರಾತ್ರಿಯ ಕೊನೆಯ ಜಾವದಲ್ಲಿ ಏರಿ ಹಗಲಿನಲ್ಲಿ ಇಳಿಯುತ್ತದೆ, ಊಟ ಮಾಡಿದರೆ ಇನ್ನೂ ಇಳಿಯುತ್ತದೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಒಮ್ಮೆ, ಇಡ್ಲಿ ತಿಂದು ಹನ್ನೊಂದು ಗಂಟೆಗೆ ಇನ್ನೊಮ್ಮೆ ರಕ್ತ ಕೊಟ್ಟು ಎರಡು ವರದಿಗಳನ್ನು ಹೋಲಿಸಿದರೆ ಸಿಗುವುದು ಮೂಳೆಯ ಸುದ್ದಿಯಲ್ಲ, ಉಪಾಹಾರದ ಸುದ್ದಿ.

ನಾಲ್ಕನೆಯದು ನಮ್ಮ ನಾಡಿಗೇ ಸಂಬಂಧಿಸಿದ್ದು. ಈ ಗುರುತುಗಳ ಅಧ್ಯಯನ ಬಹುಪಾಲು ಯುರೋಪ್ ಮತ್ತು ಅಮೆರಿಕಗಳಲ್ಲಿ ಆದದ್ದು. ನಮ್ಮಲ್ಲಿ ಬಿಸಿಲು ಧಾರಾಳವಾಗಿದ್ದರೂ ವಿಟಮಿನ್ ಡಿ ಕೊರತೆ ಬಹಳ ಸಾಮಾನ್ಯ. ಅದು ತೀವ್ರವಾದಾಗ ಮುರಿತವಿಲ್ಲದೆಯೇ ಆಲ್ಕಲೈನ್ ಫಾಸ್ಫಟೇಸ್ ಏರುತ್ತದೆ. ಪಾವಗಡ, ಬಾಗೇಪಲ್ಲಿ, ಮುಂಡರಗಿ ಮುಂತಾದ ಕಡೆಗಳ ಕೊಳವೆ ಬಾವಿಗಳಲ್ಲಿ ಫ್ಲೋರೈಡ್ ಹೆಚ್ಚು. ಆ ನೀರನ್ನು ವರ್ಷಗಟ್ಟಲೆ ಕುಡಿದು ಮೂಳೆಗೆ ಫ್ಲೋರೋಸಿಸ್ ತಗುಲಿದವರಲ್ಲಿಯೂ ಈ ಕಿಣ್ವ ಏರಬಲ್ಲದು. ಇಂಥವರ ವರದಿಯಲ್ಲಿ 'ಹೆಚ್ಚು' ಎಂದಿದ್ದರೆ ಅದಕ್ಕೆ ಏನೆಂದು ಅರ್ಥ ಹಚ್ಚಬೇಕು? ಪರದೇಶದ ಆರೋಗ್ಯವಂತರ ಅಳತೆಗೋಲನ್ನು ಪಾವಗಡದ ರೈತನ ಕಾಲಿಗೆ ಹಾಗೆಯೇ ಹಿಡಿಯಲಾಗದು.

ಇಷ್ಟೆಲ್ಲ ಇದ್ದರೂ ಸಂಶೋಧಕರು ಕೈಚೆಲ್ಲಿಲ್ಲ. ಸ್ವೀಡನ್ನಿನ ಮಾಲ್ಮೋ ನಗರದಲ್ಲಿ 113 ವೃದ್ಧೆಯರ ರಕ್ತವನ್ನು ಮೂಳೆ ಮುರಿಯುವುದಕ್ಕೆ ಮೊದಲೂ ಮುರಿದ ಮೇಲೆಯೂ ಹೋಲಿಸಿ ನೋಡಿದ ಅಧ್ಯಯನವೊಂದು 2007ರಲ್ಲಿ ಪ್ರಕಟವಾಯಿತು. ಮುರಿದ ಕೂಡಲೇ ಅಂಕಿಗಳು ಬದಲಾಗಿರಲಿಲ್ಲ. ಅನಂತರದ ತಿಂಗಳುಗಳಲ್ಲಿ ಏರಿದವು, ಬಹುಕಾಲ ಏರಿಯೇ ಇದ್ದವು. ಅಂದರೆ ರಕ್ತಕ್ಕೆ ಮುರಿತದ ಸುದ್ದಿ ತಲುಪುವುದು ನಿಜ. ಜರ್ಮನಿಯ ಸಂಶೋಧಕರು 2005ರಲ್ಲಿ 103 ರೋಗಿಗಳಿಂದ ಆರು ತಿಂಗಳು ರಕ್ತ ಸಂಗ್ರಹಿಸಿ, ಮೂಳೆ ಕೂಡಲು ತಡವಾದ ಹತ್ತು ಮಂದಿಯನ್ನು ಸರಿಯಾಗಿ ಕೂಡಿದ ಹತ್ತು ಮಂದಿಯೊಡನೆ ಹೋಲಿಸಿದರು. ಟಿಜಿಎಫ್-ಬೀಟಾ ಎಂಬ ವಸ್ತು ತಡವಾದವರಲ್ಲಿ ನಾಲ್ಕನೆಯ ವಾರಕ್ಕೇ ಇಳಿದಿತ್ತು. ಆಸೆ ಹುಟ್ಟಿಸುವ ಸಂಗತಿ. ಆದರೆ ಹತ್ತು ಮಂದಿಯ ಮಾತನ್ನು ಹತ್ತು ಲಕ್ಷ ಮಂದಿಗೆ ಹೇಳುವ ಮೊದಲು ಬಹಳ ದೂರ ನಡೆಯಬೇಕು.

ಏಕೆ ನಡೆಯಬೇಕು ಎಂಬುದಕ್ಕೆ ಒಂದು ಸಣ್ಣ ಲೆಕ್ಕ ಮಾಡೋಣ. ಗಣಿತದ ಮೇಷ್ಟರ ಹಳೆಯ ಚಾಳಿ, ಕ್ಷಮಿಸಿ. ಟಿಬಿಯಾ ಮುರಿದು ರಾಡ್ ಹಾಕಿಸಿಕೊಂಡ 100 ಮಂದಿಯಲ್ಲಿ 5 ಮಂದಿಗೆ ಮೂಳೆ ಕೂಡುವುದಿಲ್ಲ ಎಂದು ಇಟ್ಟುಕೊಳ್ಳಿ. 100ಕ್ಕೆ 80 ಸಲ ಸರಿಯಾಗಿ ಹೇಳುವ ರಕ್ತಪರೀಕ್ಷೆಯೊಂದು ನಮ್ಮ ಬಳಿ ಇದೆ ಎಂದೂ ಇಟ್ಟುಕೊಳ್ಳಿ. ಆ 5 ಮಂದಿಯಲ್ಲಿ 4 ಮಂದಿಯನ್ನು ಅದು ಹಿಡಿಯುತ್ತದೆ. ಆದರೆ ಸರಿಯಾಗಿ ಕೂಡುತ್ತಿರುವ 95 ಮಂದಿಯಲ್ಲಿ 19 ಮಂದಿಗೂ "ನಿಮ್ಮ ಮೂಳೆ ಕೂಡುತ್ತಿಲ್ಲ" ಎಂದು ಹೇಳುತ್ತದೆ. ಒಟ್ಟು 23 ಮಂದಿ ಹೆದರುತ್ತಾರೆ. ಅವರಲ್ಲಿ ನಿಜವಾಗಿ ಹೆದರಬೇಕಾದವರು 4 ಮಂದಿ. ಐದನೆಯವನೋ ತಪ್ಪು ಧೈರ್ಯದಿಂದ ಸುಮ್ಮನಿರುತ್ತಾನೆ. ನೂರಕ್ಕೆ ಎಂಬತ್ತು ಅಂಕ ಪಡೆದ ವಿದ್ಯಾರ್ಥಿಯನ್ನು ನಾವು ಜಾಣ ಎನ್ನುತ್ತೇವೆ. ನೂರಕ್ಕೆ ಎಂಬತ್ತು ಪಡೆದ ಪರೀಕ್ಷೆ ಇಲ್ಲಿ ಸಾಲದು.

ಈ ಹೆದರಿಕೆ ಬರಿಯ ಹೆದರಿಕೆಯಾಗಿ ಉಳಿಯುವುದಿಲ್ಲ. ಅದರ ಹಿಂದೆಯೇ ಇನ್ನೊಂದು ಶಸ್ತ್ರಕ್ರಿಯೆ ಬರಬಹುದು. 2008ರಲ್ಲಿ ಪ್ರಕಟವಾದ 'ಸ್ಪ್ರಿಂಟ್' ಎಂಬ ದೊಡ್ಡ ಅಧ್ಯಯನ ಇದನ್ನು ಚೆನ್ನಾಗಿ ತೋರಿಸಿದೆ. ಟಿಬಿಯಾಕ್ಕೆ ರಾಡ್ ಹಾಕಿದ 1,226 ರೋಗಿಗಳನ್ನು ಒಂದು ವರ್ಷ ಗಮನಿಸಿದರು. ಮೂಳೆ ಕೂಡಲಿಲ್ಲವೆಂಬ ಕಾರಣಕ್ಕೆ ಆರು ತಿಂಗಳಿಗೆ ಮೊದಲು ಮತ್ತೆ ಶಸ್ತ್ರಕ್ರಿಯೆ ಮಾಡಬಾರದೆಂದು ವೈದ್ಯರು ಮೊದಲೇ ಒಪ್ಪಿಕೊಂಡಿದ್ದರು. ಕೊನೆಯಲ್ಲಿ ಕೂಡದ ಮೂಳೆಗಾಗಿ ರಾಡ್ ಬದಲಾಯಿಸಬೇಕಾಗಿ ಬಂದದ್ದು ಅಥವಾ ಬೇರೆಡೆಯ ಮೂಳೆ ತುಂಬಬೇಕಾಗಿ ಬಂದದ್ದು ನೂರಕ್ಕೆ ಐದಕ್ಕಿಂತ ಕಡಿಮೆ ಮಂದಿಗೆ. ಮರುಶಸ್ತ್ರಕ್ರಿಯೆಯ ಪ್ರಮಾಣ ಅದಕ್ಕೆ ಹಿಂದಿನ ಅಧ್ಯಯನಗಳಲ್ಲಿ ಇದ್ದುದಕ್ಕಿಂತ ಕಡಿಮೆಯಾಗಿತ್ತು. ಆರು ತಿಂಗಳು ಕಾದರೆ ತಾನಾಗಿಯೇ ಕೂಡುವ ಮೂಳೆಗಳು ಎಷ್ಟೋ ಇವೆ ಎಂದಾಯಿತು. ಅರೆಬೆಂದ ಪರೀಕ್ಷೆಯೊಂದು ಮೂರನೆಯ ತಿಂಗಳಲ್ಲಿ ಗಂಟೆ ಬಾರಿಸಿದರೆ ಆ ಮೂಳೆಗಳಿಗೆಲ್ಲ ಕತ್ತರಿ ಬೀಳುತ್ತದೆ.

ಸದುದ್ದೇಶದ ಉಪಾಯಗಳೂ ದೊಡ್ಡ ಪರೀಕ್ಷೆಯಲ್ಲಿ ಸೋಲಬಹುದು ಎಂಬುದಕ್ಕೆ ಇದೇ ಮೂಳೆ ಮತ್ತೊಂದು ಪಾಠ ಹೇಳಿದೆ. ಸಣ್ಣ ಶ್ರವಣಾತೀತ ತರಂಗಗಳನ್ನು ಮುರಿದ ಜಾಗಕ್ಕೆ ಹಾಯಿಸಿದರೆ ಮೂಳೆ ಬೇಗ ಕೂಡುತ್ತದೆಂದು ನಂಬಿ ಅನೇಕ ದೇಶಗಳಲ್ಲಿ ಯಂತ್ರಗಳನ್ನು ಮಾರುತ್ತಿದ್ದರು. 2016ರಲ್ಲಿ 501 ಟಿಬಿಯಾ ರೋಗಿಗಳ ಮೇಲೆ ನಡೆದ ಕಟ್ಟುನಿಟ್ಟಾದ ಅಧ್ಯಯನ ಪ್ರಕಟವಾದಾಗ, ನಿಜವಾದ ಯಂತ್ರಕ್ಕೂ ತರಂಗವೇ ಹೊರಡದ ಯಂತ್ರಕ್ಕೂ ವ್ಯತ್ಯಾಸವಿಲ್ಲವೆಂದು ತಿಳಿಯಿತು.

ಭರವಸೆಯ ಮಾತನ್ನೂ ಹೇಳಬೇಕು. ಕೊಲಾಜನ್‌ನಲ್ಲಿ ಅನೇಕ ಬಗೆಗಳಿವೆ. ಹತ್ತನೆಯ ಬಗೆಯದು ಮೃದ್ವಸ್ಥಿ ಮೂಳೆಯಾಗಿ ಮಾರ್ಪಡುವ ಜಾಗದಲ್ಲಿ ಮಾತ್ರ ಹುಟ್ಟುತ್ತದೆ. ಮಕ್ಕಳಲ್ಲಿ ಅಂಥ ಜಾಗ ಮೂಳೆಗಳ ತುದಿಗಳಲ್ಲಿರುತ್ತದೆ. ಬೆಳವಣಿಗೆ ನಿಂತ ಮೇಲೆ ಮುಚ್ಚಿಹೋಗುತ್ತದೆ. ಅಮೆರಿಕದ ಪೋರ್ಟ್‌ಲ್ಯಾಂಡ್ ನಗರದ ಸಂಶೋಧಕರು 2017ರಲ್ಲಿ ಈ ಕೊಲಾಜನ್ ಒಡೆದ ತುಣುಕನ್ನು ರಕ್ತದಲ್ಲಿ ಅಳೆದು, ಮಗು ಎಷ್ಟು ವೇಗವಾಗಿ ಬೆಳೆಯುತ್ತಿದೆ ಎಂದು ಹೇಳಬಹುದೆಂದು ತೋರಿಸಿದರು. ವಯಸ್ಕನಲ್ಲಿ ಸಾಮಾನ್ಯವಾಗಿ ಸದ್ದಿಲ್ಲದಿರುವ ಈ ವಸ್ತು, ಮುರಿತದ ಮೆತ್ತನೆಯ ಬೆಸುಗೆ ಮೂಳೆಯಾಗುವಾಗ ಮತ್ತೆ ಕಾಣಿಸಿಕೊಳ್ಳಬೇಕು. ಸಂತೆಯ ಗದ್ದಲವಿಲ್ಲದೆ ಒಂದೇ ದನಿ ಕೇಳುವ ಸಾಧ್ಯತೆ ಇಲ್ಲಿದೆ. ಈ ದಾರಿಯಲ್ಲಿ ಕೆಲಸ ನಡೆದಿದೆ. ಕಾಗದದ ಮೇಲೆ ಒಣಗಿಸಿದ ರಕ್ತದ ತೊಟ್ಟಿನಲ್ಲಿಯೂ ಇದನ್ನು ಅಳೆಯಬಹುದು ಎಂಬುದು ನನಗೆ ಹಿಡಿಸಿದ ಅಂಶ. ಜಿಲ್ಲಾ ಕೇಂದ್ರದಿಂದ ಅರವತ್ತು ಮೈಲಿ ದೂರದ ಹಳ್ಳಿಯಲ್ಲಿ ಕಾಲು ಚಾಚಿ ಕುಳಿತವನು ಬಸ್ಸು ಹತ್ತದೆ, ಅಂಚೆಯಲ್ಲಿ ಒಂದು ತೊಟ್ಟು ರಕ್ತ ಕಳಿಸುವ ದಿನವನ್ನು ಊಹಿಸಿಕೊಳ್ಳಿ. ಆದರೆ ಇದಕ್ಕೂ ಮಿತಿಯಿದೆ. ಪ್ಲೇಟು ಸ್ಕ್ರೂ ಹಾಕಿ ಅಲುಗಾಡದಂತೆ ಬಿಗಿದ ಮೂಳೆ ಮೃದ್ವಸ್ಥಿಯ ಹಂತವನ್ನೇ ಬಿಟ್ಟು ನೇರವಾಗಿ ಕೂಡಬಲ್ಲದು. ಅಲ್ಲಿ ಈ ಗುರುತು ಮೌನವಾಗಿದ್ದರೂ ಮೂಳೆ ಕೂಡುತ್ತಿರುತ್ತದೆ.

ಮೂಳೆ ಕೂಡುವುದನ್ನು ಅಳೆಯುವ ಶಾಸ್ತ್ರ ನಮಗೆ ಹೊರಗಿನದೂ ಅಲ್ಲ. ಕರ್ನಾಟಕದ ಕರಾವಳಿಯಿಂದ ಹೋಗಿ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಹೆಸರು ಮಾಡಿದ ಶಸ್ತ್ರವೈದ್ಯ ಕೆ. ಎನ್. ಉಡುಪರು, ಜಿ. ಪ್ರಸಾದರೊಡನೆ, ನಮ್ಮ ಹಿತ್ತಿಲಿನ ಮಂಗರವಳ್ಳಿ ಮುರಿದ ಮೂಳೆಯನ್ನು ಬೇಗ ಕೂಡಿಸುತ್ತದೆಯೇ ಎಂದು 1960ರ ದಶಕದಲ್ಲಿ ಪ್ರಾಣಿಗಳ ಮೇಲೆ ಪರೀಕ್ಷಿಸಿದರು. ಹಿರಿಯರು ಹೇಳಿದರೆಂದು ಒಪ್ಪಿಕೊಳ್ಳಲೂ ಇಲ್ಲ, ನಾಟಿ ಮದ್ದೆಂದು ತಳ್ಳಿಹಾಕಲೂ ಇಲ್ಲ; ವಿಕಿರಣಶೀಲ ಕ್ಯಾಲ್ಸಿಯಂ-45 ಬಳಸಿ, ಬೆಸುಗೆಯ ಬಲವನ್ನು ಅಳೆದು ನೋಡಿದರು. ಹೊಸ ರಕ್ತಪರೀಕ್ಷೆಯ ವಿಷಯದಲ್ಲಿಯೂ ನಮಗೆ ಬೇಕಾಗಿರುವುದು ಈ ಮನೋಧರ್ಮವೇ. ಆಂಧ್ರದ ಪುತ್ತೂರು ಕಟ್ಟಿಗೆ ಹೋಗುವವನ ನಂಬಿಕೆಯನ್ನು ನೋಡಿ ನಗುವ ನಾವು, ಗಣಕಯಂತ್ರದಲ್ಲಿ ಅಚ್ಚಾದ ಅಂಕಿಯ ಮುಂದೆ ಅದೇ ನಂಬಿಕೆಯಿಂದ ಕೈಮುಗಿಯುವುದು ಸರಿಯಲ್ಲ.

ಹಾಗಾದರೆ ರಕ್ತಪರೀಕ್ಷೆಯೇ ಬೇಡವೆ? ಹಾಗಲ್ಲ. ಅದಕ್ಕೆ ಬಲ್ಲ ಪ್ರಶ್ನೆಯನ್ನು ಕೇಳಬೇಕು. "ಕೂಡಿತೆ?" ಎಂಬ ಪ್ರಶ್ನೆಗೆ ಅದು ಇಂದು ತೊದಲುತ್ತದೆ, "ಏಕೆ ಕೂಡುತ್ತಿಲ್ಲ?" ಎಂಬುದಕ್ಕೆ ಎಷ್ಟೋ ಸಲ ಸ್ಪಷ್ಟವಾಗಿ ಉತ್ತರಿಸುತ್ತದೆ. 2007ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಕಾರಣ ತಿಳಿಯದೆ ಮೂಳೆ ಕೂಡದಿದ್ದಂಥ 37 ಮಂದಿಯನ್ನು ಪರೀಕ್ಷಿಸಿದಾಗ 31 ಮಂದಿಯಲ್ಲಿ ಅದುವರೆಗೆ ಗೊತ್ತಿಲ್ಲದಿದ್ದ ದೋಷ ಸಿಕ್ಕಿತು. ಹೆಚ್ಚಿನವರಲ್ಲಿ ಇದ್ದದ್ದು ವಿಟಮಿನ್ ಡಿ ಕೊರತೆ. ಕೆಲವರಲ್ಲಿ ಥೈರಾಯ್ಡ್ ಮುಂತಾದ ಗ್ರಂಥಿಗಳ ತೊಂದರೆ. ಸಕ್ಕರೆ ಕಾಯಿಲೆ ಹತೋಟಿಯಲ್ಲಿದೆಯೇ, ಕೀವಾಗಿರುವ ಸೂಚನೆ ಇದೆಯೇ ಎಂಬುದನ್ನೂ ರಕ್ತವೇ ಹೇಳುತ್ತದೆ. ವೈದ್ಯರು ಇಂಥ ಪರೀಕ್ಷೆ ಬರೆದುಕೊಟ್ಟರೆ ಖಂಡಿತ ಮಾಡಿಸಬೇಕು.

ಕೂಡಿತೇ ಎಂಬ ಪ್ರಶ್ನೆಗೆ ಇಂದಿಗೂ ನಂಬಬಹುದಾದ ಸಾಕ್ಷಿಗಳು ಮೂರು: ವೈದ್ಯರ ಬೆರಳು, ಎಕ್ಸ್‌ರೇ ಚಿತ್ರ, ರೋಗಿಯ ಸ್ವಂತ ಅನುಭವ. ಮುರಿದ ಜಾಗವನ್ನು ಒತ್ತಿದರೆ ನೋವಿಲ್ಲ, ಭಾರ ಹಾಕಿ ನಿಂತರೆ ನೋವಿಲ್ಲ, ಚಿತ್ರದಲ್ಲಿ ಬೆಸುಗೆ ಸೇತುವೆಯಂತೆ ದಾಟಿದೆ ಎಂದಾದರೆ ಕೂಡಿದಂತೆ. ಚಿತ್ರವನ್ನು ಓದುವುದಕ್ಕೂ ಒಂದು ಅಂಕ ಪದ್ಧತಿಯಿದೆ. 2010ರಲ್ಲಿ ಪ್ರಕಟವಾದ 'ರಸ್ಟ್' ಎಂಬ ಈ ಪದ್ಧತಿಯಲ್ಲಿ, ಮುಂದಿನಿಂದಲೂ ಪಕ್ಕದಿಂದಲೂ ತೆಗೆದ ಎರಡು ಎಕ್ಸ್‌ರೇಗಳಲ್ಲಿ ಕಾಣುವ ಮೂಳೆಯ ನಾಲ್ಕು ಗೋಡೆಗಳಿಗೆ ಒಂದರಿಂದ ಮೂರರವರೆಗೆ ಅಂಕ ಕೊಡುತ್ತಾರೆ. ಬೆಸುಗೆಯೇ ಇಲ್ಲದಿದ್ದರೆ ಒಂದು, ಬೆಸುಗೆ ಇದ್ದು ಬಿರುಕೂ ಕಾಣುತ್ತಿದ್ದರೆ ಎರಡು, ಬಿರುಕು ಮುಚ್ಚಿಹೋಗಿದ್ದರೆ ಮೂರು. ಒಟ್ಟು ಕನಿಷ್ಠ 4, ಗರಿಷ್ಠ 12. "ಡಾಕ್ಟರೇ, ನಾಲ್ಕು ಗೋಡೆಗಳಲ್ಲಿ ಎಷ್ಟು ಕೂಡಿವೆ, ತೋರಿಸಿ" ಎಂದು ಕೇಳುವ ಹಕ್ಕು ಪ್ರತಿಯೊಬ್ಬ ರೋಗಿಗೂ ಇದೆ. ವಿನಯದಿಂದ ಕೇಳಿದರೆ ಬಹುಪಾಲು ವೈದ್ಯರು ತೋರಿಸುತ್ತಾರೆ.

ಕೊನೆಯದಾಗಿ ನನ್ನ ನಿಲುವನ್ನು ಒಟ್ಟಾಗಿ ಹೇಳುತ್ತೇನೆ. ಮೂಳೆ ಕೂಡಿತೇ ಎಂದು ತಿಳಿಯಲು ರಕ್ತಪರೀಕ್ಷೆಯ ಕಂತೆಗಳನ್ನು ನೀವಾಗಿಯೇ ಕೊಂಡುಕೊಳ್ಳಬೇಡಿ. ಆ ಹಣದಲ್ಲಿ ಮೊಟ್ಟೆ, ಹಾಲು, ಬೇಳೆ, ರಾಗಿ ಮನೆಗೆ ಬರಲಿ. ಬೀಡಿ ಸಿಗರೇಟು ಸೇದುವವರು ಬಿಡಲೇಬೇಕು, ಅದು ಮೂಳೆ ಕೂಡುವುದನ್ನು ತಡೆಯುತ್ತದೆಂಬುದು ಚೆನ್ನಾಗಿ ತಿಳಿದ ವಿಷಯ. ನೋವು ಹೆಚ್ಚುತ್ತಾ ಬಂದರೆ, ಜ್ವರ ಬಂದರೆ, ಗಾಯ ಸೋರಿದರೆ ಮುಂದಿನ ತಿಂಗಳಿಗೆ ಕಾಯಬೇಡಿ. ಪ್ರಯೋಗಾಲಯಗಳು ಇಂಥ ಕಂತೆಗಳನ್ನು ಮಾರುವಾಗ ಅವು ಏನನ್ನು ಹೇಳಲಾರವು ಎಂಬುದನ್ನೂ ಅಚ್ಚು ಮಾಡಬೇಕು.

ಸರ್ಕಾರಕ್ಕೂ ಸಂಶೋಧನಾ ಸಂಸ್ಥೆಗಳಿಗೂ ಹೇಳಬೇಕಾದ್ದು ಇದಕ್ಕಿಂತ ದೊಡ್ಡದು. ಬೈಕಿನಿಂದ ಬಿದ್ದು ಕಾಲು ಮುರಿದುಕೊಂಡವರು ನಮ್ಮ ಆಸ್ಪತ್ರೆಗಳಲ್ಲಿ ತುಂಬಿದ್ದಾರೆ. ಬೆಂಗಳೂರಿನ ಸಂಜಯ್ ಗಾಂಧಿ ಅಪಘಾತ ಮತ್ತು ಮೂಳೆ ಚಿಕಿತ್ಸಾ ಸಂಸ್ಥೆಯಂಥ ಸಾರ್ವಜನಿಕ ಸಂಸ್ಥೆಗಳು ನಮ್ಮಲ್ಲಿವೆ. ನಮ್ಮ ಜನರ ರಕ್ತದಲ್ಲಿ, ನಮ್ಮ ವಿಟಮಿನ್ ಡಿ ಕೊರತೆಯನ್ನೂ ನಮ್ಮ ಫ್ಲೋರೈಡ್ ನೀರನ್ನೂ ಲೆಕ್ಕಕ್ಕೆ ಹಿಡಿದು, ಸಾವಿರಾರು ಮಂದಿಯನ್ನು ವರ್ಷಗಟ್ಟಲೆ ಗಮನಿಸುವ ಅಧ್ಯಯನ ಇಲ್ಲಿಯೇ ಆಗಬೇಕು. ಬೇರೆಯವರು ಕಂಡುಹಿಡಿದು ಕಳಿಸಲಿ ಎಂದು ಕಾಯುವುದು ತರವಲ್ಲ. ಒಂಬತ್ತು ತಿಂಗಳ ಕಾಯುವಿಕೆ ನಾಲ್ಕು ವಾರಕ್ಕೆ ಇಳಿದರೆ ಅದರ ಲಾಭ ಎಲ್ಲರಿಗಿಂತ ಹೆಚ್ಚಾಗಿ ಸಲ್ಲುವುದು ರಜೆಯಿಲ್ಲದ, ವಿಮೆಯಿಲ್ಲದ, ಎರಡು ಕಾಲಿನ ಮೇಲೆಯೇ ಸಂಸಾರ ನಿಲ್ಲಿಸಿಕೊಂಡಿರುವ ಮನುಷ್ಯನಿಗೆ. ನಿಮ್ಮಲ್ಲಿ ವೈದ್ಯರಾದವರಿದ್ದೀರಿ, ಪ್ರಯೋಗಾಲಯಗಳಲ್ಲಿ ದುಡಿಯುವವರಿದ್ದೀರಿ, ಸರ್ಕಾರಿ ಕಚೇರಿಗಳಲ್ಲಿ ಕಡತಕ್ಕೆ ಸಹಿ ಹಾಕುವ ಮಟ್ಟಕ್ಕೆ ಏರಿದವರೂ ಇದ್ದೀರಿ. ಈ ಕೆಲಸದಲ್ಲಿ ನಿಮ್ಮ ಕೈಗೆ ನಿಲುಕುವಷ್ಟನ್ನು ನೀವು ಮಾಡಿದರೆ, ಕಲಿಸಿದ ನನಗೆ ಅದಕ್ಕಿಂತ ದೊಡ್ಡ ಸಂತೋಷವಿಲ್ಲ.